ದೇವ್ರಿಗೆ ಕೆಮಿ ಕೇಂತ್

ನನ್ನ ಗಂಡ ಪಾಸ್ಕು ಪ್ರಾರ್ಥನೆಗೆ ನಿಂತರೆ ನಡುವೆ ಒಂದು ಮಾತಾಡಲು ದೇವರಿಗೂ ಸಂದು ಸಿಗುವುದಿಲ್ಲ. ತೆಕ್ಕಟ್ಟೆಯಲ್ಲಿ ಇಗರ್ಜಿಗೆ ಸೇರಿದ ನಮ್ಮ ಕೇರಿಯ ಮನೆಗಳಿಗೆಲ್ಲ ಅವರೇ ಗುರಿಕಾರರು. ಮದುವೆಯಾಗಲಿ, ಸಾವಾಗಲಿ, ಮುಂದೆ ನಿಂತು ಜಪ ಹೇಳಿಸುವವರು ಅವರು. ಕಂಠ ಒಳ್ಳೆಯದೇ, ಸುಳ್ಳು ಹೇಳಬಾರದು. ಆದರೆ ಆ ಕಂಠದ ಮೇಲೆ ಅವರಿಗಿದ್ದ ಪ್ರೀತಿ ನನ್ನ ಮೇಲೂ ಇದ್ದದ್ದನ್ನು ನಾನು ಕಾಣೆ.

ಅದಕ್ಕೆ ಪೆಟ್ಟು ಬಿದ್ದದ್ದು ಮಗಳು ಪ್ರೆಸಿಲ್ಲಾಳ ರೋಸಿನ ದಿನ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು. ಹಾಲು ಹಿಡಿದು ಹೆಂಗಸರು ಕಾದು ನಿಂತಿದ್ದಾರೆ. ಇವರ ಪ್ರಾರ್ಥನೆ ಆದಾಮನಿಂದ ಹೊರಟದ್ದು ಇನ್ನೂ ನೋಹನ ಹತ್ತಿರವೂ ಬಂದಿಲ್ಲ. ಇವರ ಅಣ್ಣ ಬಾವ್ತಿಸ್ ಭಾವ ಎದ್ದು, "ಸಾಕ್ ಮಾರಾಯಾ, ದೇವ್ರಿಗೆ ಕೆಮಿ ಕೇಂತ್" ಎಂದರು, ದೇವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ ಎಂದು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ನಾನೂ ನಕ್ಕೆ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಎರಡು ಮನೆಗಳ ನಡುವೆ ಇರುವುದು ಒಂದು ಗಿಡ್ಡ ಪಾಗಾರ ಅಷ್ಟೆ.

ಅಕ್ಟೋಬರ್ ನಮಗೆ ಜಪಮಾಲೆಯ ತಿಂಗಳು. ಮರಿಯಮ್ಮನವರ ಪ್ರತಿಮೆ ಮನೆಯಿಂದ ಮನೆಗೆ ಹೋಗುತ್ತದೆ, ಹಿಂದೆಯೇ ಗುರಿಕಾರರು. ಭಾವನ ಮನೆಯ ಸರದಿ ಬಂದಾಗಲೆಲ್ಲ ಇವರಿಗೆ ಸರಿಯಾಗಿ ಜ್ವರ ಬರುತ್ತಿತ್ತು. 2006ರಲ್ಲಿ ಭಾವನಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಹೋದವು. ಆ ವರ್ಷವೂ ಇವರು ಹಣೆ ಮುಟ್ಟಿ ನೋಡಿಕೊಳ್ಳತೊಡಗಿದಾಗ ನನಗೆ ತಡೆಯಲಾಗಲಿಲ್ಲ. "ಈ ಸಲವೂ ಹೋಗ್ದಿದ್ರೆ ನಿಮ್ ಜಪ ಎಲ್ಲ ಹೊಳಿಗ್ ಹಾಕಿ!" ಎಂದು ಗದರಿಸಿದೆ. ಮನೆಯಲ್ಲಿ ನಮ್ಮದು ಕೊಂಕಣಿ. ಸಿಟ್ಟಿಗೂ ನಗೆಗೂ ಮಾತ್ರ ಕುಂದಾಪ್ರ ಕನ್ನಡವೇ ಆಗಬೇಕು.

ಹೋದರು. ಅವತ್ತಿನ ಪ್ರಾರ್ಥನೆಯ ವಿಷಯ ಏನು ಗೊತ್ತೇ? ದೀನತೆ! "ಪ್ರಭುವೇ, ನಾವು ಧೂಳು, ನಾವು ಕಸ" ಎಂದು ಗೋಡೆ ಅದುರುವ ಹಾಗೆ ಸಾರಿದರು. ಅಷ್ಟು ಜೋರಾಗಿ ಕೂಗುವ ಕಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜಪ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಬೇಡಬೇಕು. ಅದಿಲ್ಲದೆ ನಮ್ಮಲ್ಲಿ ಜಪ ಮುಗಿದ ಹಾಗಲ್ಲ. ಮಂಚದಲ್ಲಿ ಒರಗಿದ್ದ ಭಾವನ ಮುಂದೆ ಎಲ್ಲರೂ ಬಾಗಿದೆವು. ಅವರು ಎಡಗೈಯಲ್ಲೇ ನಮ್ಮ ಹಣೆಯ ಮೇಲೆ ಶಿಲುಬೆ ಎಳೆದರು. ಇವರು ಮಾತ್ರ ಮೇಜಿನ ಮೇಲೆ ಬಿದ್ದ ಮೇಣ ಕೆರೆಯುತ್ತಾ ನಿಂತಿದ್ದರು. ಅಲ್ಲಿ ಮೇಣವೇ ಇರಲಿಲ್ಲ. ಇವತ್ತು ಬಾಗದಿದ್ದರೆ ಇನ್ನು ಬಾಗುವುದು ಅಣ್ಣನ ಶವಪೆಟ್ಟಿಗೆಯ ಮುಂದೆಯೇ ಎಂದು ನನಗೆ ಹೆದರಿಕೆಯಾಯಿತು.

ಬಾಗಿಲ ಬಳಿ ಕುಳಿತಿದ್ದ ನೆರೆಮನೆಯ ಜಲಜಕ್ಕ ನಮ್ಮ ಇಗರ್ಜಿಯವಳಲ್ಲ, ಆದರೆ ನಮ್ಮ ಪದ್ಧತಿಯೂ ಮುನಿಸೂ ಅವಳಿಗೆ ಗೊತ್ತು. "ಹ್ವಾಯ್ ಪಾಸ್ಕಣ್ಣ, ಎಲ್ಲರ್ದೂ ಆಯ್ತ್. ನೀವೆಂತ, ಬಾವ್ತಿಸಣ್ಣಂಗಿಂತ ದೊಡ್ಡೋರಾ?" ಎಂದು ಕೇಳಿಯೇ ಬಿಟ್ಟಳು.

ಇವರು ಮೆಲ್ಲನೆ ಬಂದು ಮಂಚದ ಬಳಿ ಮಂಡಿಯೂರಿದರು. ಬಾಯಿ ತೆರೆದರು, ಆ ಕಂಠದಿಂದ ಒಂದಕ್ಷರ ಹೊರಡಲಿಲ್ಲ. ಅಣ್ಣನ ಸೋತ ಬಲಗೈಯನ್ನು ತಾವೇ ಎತ್ತಿ ತಲೆಯ ಮೇಲಿಟ್ಟುಕೊಂಡರು. ಭಾವ ಎಡಗೈಯಲ್ಲಿ ಶಿಲುಬೆ ಎಳೆದರು. ಆಮೇಲೆ ಬೆರಳನ್ನು ಮೇಲಕ್ಕೆ ತೋರಿಸಿ, ತಮ್ಮ ಕಿವಿಯನ್ನು ಹಿಡಿದು ಅಲ್ಲಾಡಿಸಿ, ಸೊಟ್ಟಗಾದ ಬಾಯಲ್ಲಿ ನಕ್ಕರು. ಇವರು ನಗಲು ಹೋಗಿ ಅತ್ತುಬಿಟ್ಟರು.

ಮರುದಿನ ಸಂಜೆ ನಮ್ಮ ಮನೆಯಲ್ಲಿ ಜಪಕ್ಕೆ ಕುಳಿತೆವು. ಇವರ ತುಟಿ ಅಲುಗುತ್ತಿತ್ತು, ಸ್ವರವಿಲ್ಲ. ನನಗೆ ಸುಮ್ಮನಿರಲಾಗಬೇಕಲ್ಲ!

"ಸ್ವಲ್ಪ ಜೋರ್ ಹೇಳಿ, ಎಂತದೂ ಕೇಂತಿಲ್ಲ" ಎಂದೆ.

ಅವರು ಕಣ್ಣು ತೆರೆಯಲಿಲ್ಲ. "ನಾ ಹೇಳುದ್ ನಿಂಗಲ್ಲ ಮಾರಾಯ್ತಿ" ಎಂದರು.