ಎರಡನೆಯ ಸೌಟು

ಟಿಣ್. ಇನ್ನೊಮ್ಮೆ, ಟಿಣ್. ನಡುರಾತ್ರಿ ಕಳೆದ ಮೇಲೆ ಚಿಂತಾಮಣಿಯ ಕಂಚುಗಾರರ ಬೀದಿಯಲ್ಲಿ ಕೇಳಿದ ಆ ಸಣ್ಣ ಸದ್ದಿನಲ್ಲಿ ನಾನು ಹುಟ್ಟಿದೆ. ಹಿಡಿಗೂ ಬಟ್ಟಲಿಗೂ ಕೊನೆಯ ಮೊಳೆ ಬಡಿಯುತ್ತಿದ್ದರು. ನಾನು ಒಂದು ಹಿತ್ತಾಳೆ ಸೌಟು. ಬೆಳಗಿನ ಬಸ್ಸಿಗೆ ಪಿಳ್ಳಪ್ಪ ಸೈನ್ಯದ ಅಡುಗೆಯವನಾಗಿ ಹೊರಡಬೇಕಿತ್ತು. ಅದಕ್ಕೇ ಆ ಅವಸರ.

ಅವನ ತಾಯಿ ನನ್ನನ್ನು ಸೆರಗಿನಿಂದ ಒರೆಸಿ ಅವನ ಕೈಗಿತ್ತಳು. "ಯಾರ್ಗೇ ಆಗ್ಲಿ, ಒಂದೇ ಸೌಟು ಬಡಿಸ್ಬೇಡ ಕಣೋ. ಒಂಟಿ ಬಡಿಸೋದು ಸತ್ತೋರ ಎಡೆಗೆ."

ನಮ್ಮದು ಬಂದೂಕಿನವರ ಹಿಂದೆ ನಡೆಯುವ ಆಸ್ಪತ್ರೆ ತುಕಡಿ. ಗಾಯಾಳುಗಳನ್ನು ಹೊರುವವರು, ನೀರು ಕಾಯಿಸುವವರು, ಅಡುಗೆಯವನು, ಎಲ್ಲ ಸೇರಿ ಹನ್ನೆರಡು ಮಂದಿ. ನಮಗೊಬ್ಬರು ಡಾಕ್ಟರು, ಧಾರವಾಡದ ಕಡೆಯ ಕ್ಯಾಪ್ಟನ್ ಹುಯಿಲಗೋಳ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಮ್ಮನ್ನು ಜಾವಾ ದ್ವೀಪಕ್ಕೆ ಕಳಿಸಿದರು. ಅಲ್ಲಿ ಜಪಾನೀಯರು ಡಚ್ಚರ ಹೆಂಗಸರನ್ನೂ ಮಕ್ಕಳನ್ನೂ ಮೂರು ವರ್ಷ ಕೂಡಿಹಾಕಿದ್ದ ಒಂದು ಶಿಬಿರ. ಬಿದಿರು ತಡಿಕೆಯ ಬೇಲಿ ಕಿತ್ತಾಗ ಯಾರೂ ಓಡಿ ಬರಲಿಲ್ಲ. ಓಡುವಂಥ ಕಾಲು ಯಾರಿಗೂ ಉಳಿದಿರಲಿಲ್ಲ.

"ಪಿಳ್ಳಪ್ಪಾ, ತಿಳಿ ಗಂಜಿ. ಅರ್ಧಾ ಸೌಟು, ಅಷ್ಟ," ಎಂದರು ಡಾಕ್ಟರು. "ಹಸದ ಹೊಟ್ಟಿ ಒಮ್ಮೆಲೆ ತುಂಬಿದ್ರ ಜೀವಾ ಹೋಗ್ತದ. ತಿಳೀತಿಲ್ಲೊ?"

"ಅರ್ಧ ಸೌಟು ನಮ್ಮೂರಾಗೆ ಕೋಳಿಗೂ ಹಾಕಲ್ಲ ಸಾರ್."

ಜೊತೆಗಾರರು ನಕ್ಕರು. ಡಾಕ್ಟರು ನಗಲಿಲ್ಲ; ಮುಂದಿನ ಗುಡಿಸಲಿಗೆ ಹೋದರು.

ಪಿಳ್ಳಪ್ಪ ಡಾಕ್ಟರು ಹೇಳಿದಂತೆಯೇ ಬಡಿಸುತ್ತಿದ್ದ. ಸಾಲಿನ ಕೊನೆಯಲ್ಲಿ ಏಳು ಮಂದಿ ಇದ್ದರು. ಅವರಲ್ಲಿ ಒಬ್ಬ ಹೆಂಗಸು ಗಂಜಿ ಕುಡಿದು, ನನ್ನನ್ನು ಎಳೆದುಕೊಂಡು ನನ್ನ ಬೆನ್ನನ್ನೂ ನೆಕ್ಕಿದಳು. ಒಣಗಿದ ನಾಲಿಗೆ, ಮರಳುಕಾಗದದಂಥದ್ದು. ಪಿಳ್ಳಪ್ಪ ತುಕಡಿಯವರ ಹಂಡೆಗೆ ನನ್ನನ್ನು ಅದ್ದಿ, ಗಟ್ಟಿ ಅನ್ನ, ಮೇಲೆ ಬೇಳೆ ತುಂಬಿದ. "ಇನ್ನೊಂದ್ ತಗಳ್ಳಿ ತಾಯಿ. ಒಂಟಿ ಬ್ಯಾಡ." ಅವಳಿಗೆ ಮಾತು ತಿಳಿಯಲಿಲ್ಲ, ಡಬ್ಬಿ ಒಡ್ಡಿದಳು. ಉಳಿದ ಆರೂ ಮಂದಿ ಒಡ್ಡಿದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಏಳೂ ಮಂದಿ ಇರಲಿಲ್ಲ.

ಅವರಿಗೆ ಏನು ಬಡಿಸಿದಿರಿ ಎಂದು ಡಾಕ್ಟರು ಕೇಳಿದರು. ಹನ್ನೆರಡು ಮಂದಿಯೂ ನೆಲ ನೋಡಿದರು. ಡಾಕ್ಟರು "ನಿತ್ರಾಣ" ಎಂದು ಬರೆದುಕೊಂಡರು. ಆ ದಿನ ಪಿಳ್ಳಪ್ಪ ನನ್ನನ್ನು ಬೂದಿ ಹಾಕಿ ಉಜ್ಜಿದ, ಕಲಾಯಿ ಪೂರ್ತಿ ಹೋಗುವವರೆಗೆ ಉಜ್ಜಿದ. ಆಮೇಲೆ ಆರು ವಾರ ಆ ಹನ್ನೆರಡು ಮಂದಿ ಅಲ್ಲಿ ನೂರಾರು ಜನರನ್ನು ಹೊತ್ತರು, ತೊಳೆದರು, ಅರ್ಧರ್ಧ ಸೌಟಿನಿಂದ ಬದುಕಿಸಿದರು. ಅದೂ ನಿಜ.

ಊರಿಗೆ ಬಂದ ಮೇಲೆ ಅವನು ನನ್ನಿಂದ ಯಾರಿಗೂ ಬಡಿಸಲಿಲ್ಲ. ಅಡುಗೆಮನೆಯ ಗೋಡೆಯ ಮೊಳೆಯಲ್ಲಿ ಐವತ್ತು ವರ್ಷ ತೂಗಿದೆ.

ಒಂದು ದಿನ ಸರ್ಕಾರಿ ಕಾಗದ ಬಂತು. ಆ ಶಿಬಿರವಿದ್ದ ಜಾಗದಲ್ಲಿ, ಅಲ್ಲಿ ಸೇವೆ ಮಾಡಿದವರ ಹೆಸರು ಕೆತ್ತಿ ನೆನಪಿನ ಕಲ್ಲು ನಿಲ್ಲಿಸುತ್ತಾರಂತೆ. ಬೇರೆಲ್ಲ ತುಕಡಿಗಳ ಹೆಸರು ಸಿಕ್ಕಿದೆ, ಇವರದು ಯಾವ ಪಟ್ಟಿಯಲ್ಲೂ ಇಲ್ಲ. ಬದುಕಿರುವವರು ಯಾರಾದರೂ ಬರೆದು ತಿಳಿಸಬೇಕು. ಬದುಕಿದ್ದವನು ಪಿಳ್ಳಪ್ಪ ಒಬ್ಬನೇ. ಕಣ್ಣಿಗೆ ಪೊರೆ ಬಂದಿತ್ತು. ಸೊಸೆ ವನಜಾಕ್ಷಿ ಪೆನ್ನು ಹಿಡಿದು ನನ್ನ ಕೆಳಗೇ ಕುಳಿತಳು.

ಹನ್ನೊಂದು ಹೆಸರನ್ನೂ ಅವನು ಊರಿನ ಸಮೇತ ಹೇಳಿದ. ಆಮೇಲೆ, "ಆ ಏಳು ಜನದ್ದೂ ಬರಿಯಮ್ಮ. ನಾನೇ ಅಂತ ಬರಿ."

ಏಳು ಜನ ಯಾರೆಂದು ಅವಳು ಕೇಳಿದಳು. ಹೇಳಿದ.

"ಮಾವ, ಅದನ್ನ ಬರೆದ್ರೆ ಯಾರ ಹೆಸರೂ ಕಲ್ಲು ಹತ್ತಲ್ಲ."

"ಬರೀದಿದ್ರೆ ನಾನು ಹೆಂಗಮ್ಮ ಸಾಯ್ಲಿ?"

ಪೆನ್ನು ಕಾಗದದ ಮೇಲೆ ಓಡಿತು. ಮುಗಿದ ಮೇಲೆ ಅವಳು ಗಟ್ಟಿಯಾಗಿ ಓದಿದಳು: ಹೆಸರುಗಳು, ಊರುಗಳು, ಆರು ವಾರದ ಕೆಲಸ. ಕೊನೆಗೆ ಏಳು ಮಂದಿ, ಎರಡನೆಯ ಸೌಟು, ತಪ್ಪು ನನ್ನದು. ಒಂದೊಂದು ಮಾತನ್ನೂ ತೂಗಿ ಓದಿದಳು. ಮೇಲಿನಿಂದ ನನಗೆ ಕಾಣುತ್ತಿತ್ತು: ಕೊನೆಯ ಆ ಸಾಲುಗಳನ್ನು ಓದುವಾಗ ಅವಳ ಬೆರಳಿನ ಕೆಳಗೆ ಕಾಗದ ಅಕ್ಷರವಿಲ್ಲದೆ ಬಿಳಿಯಾಗಿತ್ತು.

ಅವಳು ತೋರಿಸಿದ ಜಾಗದಲ್ಲಿ ಅವನು ತಡವರಿಸಿ ಸಹಿ ಹಾಕಿದ. "ಐವತ್ತು ವರ್ಷದ್ದು ಇಳೀತು ನೋಡು," ಎಂದು ಕೈ ಮುಗಿದ. ಅವಳು ಆ ಕೈಗಳನ್ನು ನೋಡಲಿಲ್ಲ.

ಬಡಿಸಿದವನು ಅವನು, ಆದರೆ ತುಂಬಿಕೊಂಡು ಹೋದವನು ನಾನು. ನನ್ನನ್ನು ಯಾರೂ ಕೇಳಲಿಲ್ಲ.

ಸಂಜೆ ಅವಳ ಗಂಡ ಬಂದ. "ಅಪ್ಪ ಏನು ಬರೆಸಿದ್ರು?"

ವನಜಾಕ್ಷಿ ಲಕೋಟೆಯ ಅಂಚನ್ನು ಇನ್ನೊಮ್ಮೆ ಒತ್ತಿದಳು.

"ಹೆಸರುಗಳು," ಎಂದಳು. "ಅಷ್ಟೇ."