ಮೂರು ನಿಮಿಷದ ಸ್ಯಾಂಪಲ್

ಮದುವೆಗೆ ಇನ್ನು ಆರು ವಾರ ಇತ್ತು. ಇರುವ ದುಡ್ಡಿಗೆ ಫೋಟೋ ಅಥವಾ ವಿಡಿಯೋ, ಎರಡರಲ್ಲಿ ಒಂದೇ ಅಂತ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. ಅಮ್ಮ ಫೋಟೋ ಕಡೆ, ಗೋಡೆಗೆ ತೂಗುಹಾಕಬಹುದಲ್ಲ. ಮದುಮಗಳು ಮಾತ್ರ ವಿಡಿಯೋನೇ ಆಗಬೇಕು ಅಂತ ಪಟ್ಟು ಹಿಡಿದಿದ್ದಳು. ಯಾಕೆ ಅಂತ ಕೇಳಿದವರಿಗೆಲ್ಲ, ಅದರಲ್ಲಿ ದನಿ ಇರುತ್ತೆ, ನಗು ಇರುತ್ತೆ ಅನ್ನುತ್ತಿದ್ದಳು. ನಿಜವಾದ ಕಾರಣವನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಕಾರಣ ಅವಳ ಅಕ್ಕ.

ಮನೆಯ ಆಲ್ಬಮ್ಮಿನ ಯಾವ ಪುಟ ತೆಗೆದರೂ ನೋಡುವವರ ಬೆರಳು ಮೊದಲು ಹೋಗಿ ನಿಲ್ಲುವುದು ಅಕ್ಕನ ಮುಖದ ಮೇಲೆ. ಪಕ್ಕದಲ್ಲಿ ಇವಳೂ ಇರುತ್ತಿದ್ದಳು, ಕುರ್ಚಿಯೋ ಕಿಟಕಿಯೋ ಇದ್ದ ಹಾಗೆ. ಇವಳ ಹನ್ನೆರಡನೇ ಹುಟ್ಟುಹಬ್ಬದ ಫೋಟೋಗೆ ಅಮ್ಮ ಫ್ರೇಮು ಹಾಕಿಸಿದ್ದು ಕೂಡ, ನಿಮ್ಮಕ್ಕ ಇದರಲ್ಲಿ ಎಷ್ಟು ಮುದ್ದಾಗಿ ಬಂದಿದ್ದಾಳೆ ನೋಡು ಅಂತ. ಅಕ್ಕ ಇದಕ್ಕೆಲ್ಲ ಜಂಬಪಟ್ಟವಳಲ್ಲ. ಒಂದು ದಿನ ಕೊಂಕು ಮಾತಾಡಿದ್ದರೂ ಇವಳ ಹೊಟ್ಟೆಕಿಚ್ಚಿಗೆ ಒಂದು ನೆಪವಾದರೂ ಸಿಗುತ್ತಿತ್ತು. ಅದೂ ಇಲ್ಲದೆ ಆ ಕಿಚ್ಚು ಇಷ್ಟು ವರ್ಷ ಒಳಗೊಳಗೇ ಉರಿದಿತ್ತು. ಅಲುಗಾಡದೆ ನಿಂತ ಚಿತ್ರದಲ್ಲಿ ಅಕ್ಕ ಗೆಲ್ಲಲಿ; ಮಾತು, ನಡಿಗೆ, ನಗು ಅಂತ ಬಂದರೆ ತಾನೇ ಮುಂದೆ ಎಂದು ಅವಳು ನಂಬಿಕೊಂಡಿದ್ದಳು.

ಔಷಧಿ ಅಂಗಡಿಯ ಮೇಲಿನ ಸ್ಟುಡಿಯೋಗೆ ಇಬ್ಬರೂ ಒಟ್ಟಿಗೆ ಹೋದರು. ಫೋಟೋಗ್ರಾಫರ್ ನಡುವಯಸ್ಸಿನವನು, ಬೆಲೆ ಹೇಳುವ ಮೊದಲು ಮೂರು ನಿಮಿಷದ ಸ್ಯಾಂಪಲ್ ತೆಗೆದು ತೋರಿಸುವುದು ಅವನ ಪದ್ಧತಿ. ಬೇರೆಯವರ ಮದುವೆ ನೋಡಿ ತೀರ್ಮಾನ ಮಾಡಬಾರದು, ನಿಮ್ಮ ಮುಖವನ್ನೇ ನೋಡಿ ಮಾಡಿ ಅನ್ನುತ್ತಿದ್ದ. ಬೂದು ಪರದೆಯ ಮುಂದೆ ಎರಡು ಸ್ಟೂಲು ಹಾಕಿ ಅಕ್ಕತಂಗಿಯರನ್ನು ಕೂರಿಸಿದ. ವಿಡಿಯೋ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಓಡಲು ಬಿಟ್ಟು, ಫೋಟೋ ತೆಗೆಯಲು ಇನ್ನೊಂದನ್ನು ಕೈಯಲ್ಲಿ ಹಿಡಿದ. "ಮೇಡಂ, ಮುಖ ಸ್ವಲ್ಪ ಸಡಿಲ ಬಿಡಿ. ಇದು ಪಾಸ್‌ಪೋರ್ಟಿಗಲ್ಲ, ಮದುವೆಗೆ," ಅಂದ. ತಂಗಿ ಜೋರಾಗಿ ನಕ್ಕಳು. ಬೇಕೆಂದೇ ಇನ್ನೂ ಒಂದೆರಡು ತಮಾಷೆ ಮಾಡಿ ಅವನನ್ನೂ ನಗಿಸಿದಳು. ಮೂರು ನಿಮಿಷ ಮುಗಿಯುವ ಹೊತ್ತಿಗೆ ಅಕ್ಕನಿಗೆ ಮನೆಯಿಂದ ಫೋನು ಬಂತು. ಅವಳು ಎದ್ದು ಮೆಟ್ಟಿಲ ಬಳಿ ಹೋದಳು.

ಫೋಟೋಗಳು ಅಂದುಕೊಂಡ ಹಾಗೇ ಬಂದಿದ್ದವು, ಎದ್ದು ಕಾಣುತ್ತಿದ್ದದ್ದು ಅಕ್ಕನೇ. ತಂಗಿ ಎರಡು ನೋಡಿ ಸಾಕು ಅಂದಳು. ಆಮೇಲೆ ಅವನು ಕಂಪ್ಯೂಟರಿನಲ್ಲಿ ವಿಡಿಯೋ ಹಾಕಿದ.

"ಹೇಗೆ ಬಂದಿದ್ದೀರಿ ನೋಡಿದ್ರಾ?" ಅಂತ ಅವನು ಕೇಳಿದಾಗಲೇ ಅವಳಿಗೆ ಹೊಳೆದದ್ದು. ಮೂರು ನಿಮಿಷದಲ್ಲಿ ಒಂದು ಸಲವೂ ಅವಳು ತನ್ನನ್ನು ನೋಡಿಕೊಂಡಿರಲಿಲ್ಲ. ಅಕ್ಕ ಹೇಗೆ ಕೂತಳು, ಹೇಗೆ ಕೂದಲು ಸರಿಸಿಕೊಂಡಳು, ಅದನ್ನಷ್ಟೇ ನೋಡಿದ್ದಳು. ಇನ್ನೊಂದು ಸಲ ಹಾಕಿಸಿದಳು. ಆಗಲೂ ಅಷ್ಟೇ. ಕಣ್ಣು ಹಗ್ಗ ಕಟ್ಟಿ ಎಳೆದ ಹಾಗೆ ಅಕ್ಕ ಕೂತಿದ್ದ ಎಡಕ್ಕೇ ಹೋಗುತ್ತಿತ್ತು.

ಮೂರನೇ ಸಲ ಅವಳು ಕಂಪ್ಯೂಟರ್ ಪರದೆಯ ಎಡಭಾಗಕ್ಕೆ ಅಂಗೈ ಅಡ್ಡ ಹಿಡಿದಳು.

ಈಗ ಅಲ್ಲಿ ಅವಳೊಬ್ಬಳೇ ಇದ್ದಳು. ನಗು ಚೆನ್ನಾಗಿಯೇ ಇತ್ತು, ತಾನು ನಂಬಿದ್ದಕ್ಕಿಂತ ಚೆನ್ನಾಗಿತ್ತು. ಆದರೆ ಪ್ರತಿ ನಗುವಿನ ತುದಿಯಲ್ಲಿ ಅವಳ ಕತ್ತು ಪಕ್ಕಕ್ಕೆ ತಿರುಗುತ್ತಿತ್ತು. ಒಂದು ತಮಾಷೆ, ಒಂದು ನಗು, ಪಕ್ಕಕ್ಕೊಂದು ನೋಟ. ಅಕ್ಕ ನೋಡಿದಳಾ? ಅವಳಿಗೆ ಸ್ವಲ್ಪವಾದರೂ ಚುರುಕ್ ಅಂದಿತಾ? ಮೂರು ನಿಮಿಷದಲ್ಲಿ ಹನ್ನೊಂದು ಸಲ. ಮದುವೆ ದಿನವೆಲ್ಲ ಇದನ್ನೇ ತೆಗೆದಿಟ್ಟರೆ? ಗಂಡನ ಮನೆಯವರು ಸೋಫಾದ ಮೇಲೆ ಕೂತು ನೋಡುತ್ತಾರೆ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ಇವಳು ಪದೇಪದೇ ಯಾರನ್ನು ನೋಡ್ತಿದ್ದಾಳೆ ಅಂತ. ಅವಳು ಪರದೆಯಿಂದ ಕೈ ತೆಗೆದಳು.

"ಫೋಟೋನೇ ಇರಲಿ," ಅಂದಳು.

"ವಿಡಿಯೋ ಬೇಕು ಅಂತಿದ್ರಲ್ಲ?"

"ಬೇಡ. ಆದ್ರೆ ಅವತ್ತು ಒಂದು ಗಂಟೆ ಮುಂಚೆ ಬನ್ನಿ. ಮೊದಲು ನಾನೊಬ್ಬಳೇ. ಆ ಹೊತ್ತಲ್ಲಿ ಕೋಣೇಲಿ ಬೇರೆ ಯಾರೂ ಇರಬಾರದು."

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಫೋನಿನ ಮಾತು ಯಾವಾಗ ಮುಗಿದಿತ್ತೋ ಗೊತ್ತಿಲ್ಲ. "ಕೂದಲು ಸರಿಮಾಡೋಕಾದ್ರೂ ಒಬ್ರು ಬೇಕಲ್ಲೇ," ಅಂದಳು. "ನಾನಿರ್ತೀನಿ ಬಿಡು."

"ನೀನೂ ಬೇಡಕ್ಕ."

ಫೋಟೋಗ್ರಾಫರ್ ಒರೆಸಿದ್ದ ಲೆನ್ಸನ್ನೇ ಮತ್ತೆ ಒರೆಸತೊಡಗಿದ. ಕೆಳಗೆ ಅಂಗಡಿಯ ಷಟರ್ ಯಾರೋ ಎಳೆದ ಸದ್ದು ಬಂದು ಹೋಯಿತು. ಅಕ್ಕ ಯಾಕೆ ಅಂತ ಕೇಳಬಹುದು ಎಂದು ತಂಗಿ ಕಾದಳು. ಕೇಳಿದರೆ ಹೇಳಲು ಒಂದು ಸುಳ್ಳನ್ನೂ ಹೊಂದಿಸಿಟ್ಟುಕೊಂಡಳು. ಅಕ್ಕ ಕೇಳಲಿಲ್ಲ.

"ಸರಿ ಕಣೇ," ಅಂದಳು. "ಎಷ್ಟೊತ್ತಿಗೆ ಬರಬೇಕು ಅಂತ ಹೇಳು, ಬರ್ತೀನಿ."

ತಂಗಿ ಸಮಯ ಹೇಳಿದಳು. ಹೇಳುವಾಗ ಅಕ್ಕನ ಮುಖ ಹೇಗಾಗಿದೆ ಎಂದು ನೋಡಬೇಕೆಂಬ ಆಸೆ ಕತ್ತಿನವರೆಗೂ ಬಂದು ನಿಂತಿತು. ಅವಳು ಬುಕಿಂಗ್ ಪುಸ್ತಕದ ಗೆರೆಗಳ ಮೇಲೆ ಕಣ್ಣು ನೆಟ್ಟು, ಅಕ್ಕ ಮೆಟ್ಟಿಲಿಳಿದು ಹೋಗುವ ಸಪ್ಪಳ ಪೂರ್ತಿ ಮುಗಿಯುವವರೆಗೆ ಹಾಗೇ ಕೂತಳು.