ಗಾಜು ಅಂದುಬಿಟ್ಟೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಅವತ್ತು ಅಂಗಡಿ ತೆರೆಯುವ ಮೊದಲೇ ತಮ್ಮನ ಜೊತೆ ಜಗಳವಾಗಿತ್ತು. ಅದೇ ಬಿಸಿಯಲ್ಲಿದ್ದಾಗ ಆ ಅಜ್ಜಿ ಬಂದರು. ಹಸಿರು ಕಲ್ಲಿನ ಚಿನ್ನದುಂಗುರ ಬೆರಳಿಗೆ ಬಿಗಿಯಾಗಿದೆ, ಸ್ವಲ್ಪ ದೊಡ್ಡದು ಮಾಡಿಕೊಡಿ ಎಂದರು.

"ಮದುವೆಯಾದ ಹೊಸದರಲ್ಲಿ ನಮ್ಮೆಜಮಾನ್ರು ಕೊಟ್ಟಿದ್ದು. ಪಚ್ಚೆ."

ಭೂತಗನ್ನಡಿ ಪಕ್ಕದಲ್ಲೇ ಇತ್ತು. ತೆಗೆಯಲಿಲ್ಲ. ಮೂವತ್ತು ವರ್ಷ ಕಲ್ಲು ನೋಡಿದವಳೆಂಬ ಜಂಬ!

"ಪಚ್ಚೆ ಇಷ್ಟು ಶುದ್ಧವಾಗಿರಲ್ಲಮ್ಮ. ಇದು ಗಾಜು."

ಅಜ್ಜಿ ಉಂಗುರ ಬಿಟ್ಟು ಹೊರಟವರು ಬಾಗಿಲಲ್ಲಿ ತಿರುಗಿ, "ನಾನೂ ಪಚ್ಚೆ ಅಂತ ಎಲ್ಲರ ಮುಂದೆ ಹೇಳ್ಕೊಂಡು ತಿರುಗಿದೆನಲ್ಲ" ಎಂದರು.

ಕಲ್ಲು ಬಿಚ್ಚಿ, ಉಂಗುರ ಕತ್ತರಿಸಿ, ಚಿನ್ನದ ತುಂಡು ಸೇರಿಸಿ ಬೆಸೆದೆ. ಕಲ್ಲನ್ನು ಮತ್ತೆ ಕೂಡಿಸಿ, ತೊಳೆಯುವ ಯಂತ್ರಕ್ಕೆ ಹಾಕಿದೆ. ಅದರ ನೀರು ಗುಂಯ್ ಎಂದು ಅದುರುತ್ತಾ ಸಂದುಗೊಂದಿನ ಕೊಳೆ ಬಿಡಿಸುತ್ತದೆ. ಗಟ್ಟಿ ವಜ್ರ, ಮಾಣಿಕ್ಯ, ನೀಲ ಅದನ್ನು ತಡೆಯುತ್ತವೆ. ಮುತ್ತು ತಡೆಯುವುದಿಲ್ಲ. ಪಚ್ಚೆಯಂತೂ ಹಾಕಲೇಬಾರದು. ಅದರ ಒಡಲಲ್ಲಿ ಹುಟ್ಟಿನಿಂದಲೇ ಬಿರುಕುಗಳಿರುತ್ತವೆ, ಅವು ಕಾಣದಂತೆ ಎಣ್ಣೆ ಕುಡಿಸಿರುತ್ತಾರೆ. ಗಾಜಿಗೇನು, ಹಾಕಬಹುದು.

ಹೊರತೆಗೆದಾಗ ಕಲ್ಲು ಬಿಳಿಚಿಕೊಂಡಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಒಳಗೆಲ್ಲ ಬಿರುಕಿನ ಜಾಲ, ಒಂದಂತೂ ಅಂಚಿನವರೆಗೂ ಸೀಳಿತ್ತು. ಗಾಜು ಹೀಗಾಗುವುದಿಲ್ಲ. ಅಯ್ಯೋ ದೇವರೇ, ಅದು ಪಚ್ಚೆಯೇ!

ಅಜ್ಜಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ತಮ್ಮ ಪಿಸುಗುಟ್ಟಿದ: "ಎಣ್ಣೆ ಕುಡಿಸಿ ಕೊಟ್ಬಿಡಕ್ಕ. ಹೇಗೂ ಗಾಜು ಅಂದಿದ್ದೀಯ. ಯಾರಿಗೆ ಗೊತ್ತಾಗುತ್ತೆ?"

"ಬಾಯ್ಮುಚ್ಚು!" ಎಂದೆ. ಆದರೆ ಎಣ್ಣೆ ಶೀಶೆ ಎಲ್ಲಿದೆಯೆಂದು ನನ್ನ ಕಣ್ಣು ಆಗಲೇ ಹುಡುಕುತ್ತಿತ್ತು. ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಒಬ್ಬ ಮುದುಕರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. ಆ ಅಜ್ಜಿಯ ಗಂಡ. ಅಂಗಿಯ ಗುಂಡಿ ಮೇಲೆಕೆಳಗಾಗಿತ್ತು.

"ಗಾಜು ಅಂದ್ರಂತೆ. ನಲವತ್ತು ವರ್ಷ ಸುಳ್ಳು ಹೇಳಿದ್ರಿ ಅಂದ್ಳು, ಅಷ್ಟೇ. ಆಮೇಲೆ ಮಾತೇ ಇಲ್ಲ. ಅನ್ನ ಬಡಿಸಿದ್ಳು, ನನ್ನ ಮುಖ ನೋಡಲಿಲ್ಲ." ಅವರು ಧ್ವನಿ ತಗ್ಗಿಸಿದರು. "ನಾನೇ ಮೋಸಹೋಗಿದ್ದೆನೇನೋ. ಆ ಗಾಜು ಕಿತ್ತು ನಿಜವಾದ ಪಚ್ಚೆ ಕೂಡಿಸಿಕೊಡಿ ತಾಯಿ. ಎಷ್ಟಾದ್ರೂ ಆಗಲಿ. ಅವಳಿಗೆ ಮಾತ್ರ ಹೇಳ್ಬೇಡಿ."

ತಮ್ಮ ನನ್ನ ಮುಖ ನೋಡಿದ. ಹ್ಞೂಂ ಎಂದರೆ ಸಾಕಿತ್ತು, ನಾನು ಬಚಾವ್.

"ಯಜಮಾನ್ರೇ, ನೀವು ಮೋಸಹೋಗಿಲ್ಲ. ಅದು ನಿಜವಾದ ಪಚ್ಚೆ. ನಾನು ಸರಿಯಾಗಿ ನೋಡದೆ ಗಾಜು ಅಂದೆ. ಗಾಜು ಅಂದ್ಕೊಂಡೇ ಯಂತ್ರಕ್ಕೆ ಹಾಕಿ ಸೀಳಿಸಿಬಿಟ್ಟೆ. ತಪ್ಪು ನಂದು. ಏನು ಬೇಕಾದ್ರೂ ಬಯ್ಯಿರಿ."

ಅವರು ಬಯ್ಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡರು.

"ಇದನ್ನ ಬರ್ಕೊಡ್ತೀರಾ?" ಎಂದರು ಕೊನೆಗೆ.

ಅಂಗಡಿಯ ಹೆಸರಿದ್ದ ಕಾಗದ ಎಳೆದುಕೊಂಡೆ. ಅವರು ಬಗ್ಗಿ ನೋಡುತ್ತಿದ್ದರು.

"ಸೀಳಿದ್ದು ಬೇಕಾದ್ರೆ ಬಿಡಿ. ನಿಜವಾದ ಪಚ್ಚೆ ಅನ್ನೋದನ್ನ ದಪ್ಪಗೆ ಬರೀರಿ. ಅವಳಿಗೆ ಕಣ್ಣು ಮಂಜು."

ಎರಡನ್ನೂ ಬರೆದು ಸಹಿ ಹಾಕಿದೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಸರಸರನೆ ಮೆಟ್ಟಿಲಿಳಿದು ಹೋದರು. ಉಂಗುರ ಮೇಜಿನ ಮೇಲೇ ಉಳಿಯಿತು.